ಮುಚ್ಚಳ ಹತ್ತದ ಮೂವತ್ತೊಂದು ಬಾಟಲಿ

೨ ಮೇ ೨೦೨೫, ಶುಕ್ರವಾರ, ಶಹಾಪುರ

ಬಸವ ಜಯಂತಿಯ ಭಾಷಣದ ಗುಂಗು ಇನ್ನೂ ಇಳಿದಿಲ್ಲ. ಮೊನ್ನೆ ಶರಣರು ಸೂತಕ ಒಪ್ಪಲಿಲ್ಲ ಎಂಬ ವಿಷಯದ ಮೇಲೆ ಮೂವತ್ತೈದು ನಿಮಿಷ ಮಾತಾಡಿದೆ. ಹುಟ್ಟು, ಸಾವು, ಎಂಜಲು, ಜಾತಿ, ಮುಟ್ಟು, ಐದೂ ಸೂತಕಗಳನ್ನು ಒಂದೊಂದಾಗಿ ಹಿಡಿದು ಝಾಡಿಸಿದೆ. ಅಕ್ಕನ ಬಳಗದ ಹೆಂಗಸರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮೂವತ್ತೆರಡು ವರ್ಷ ಕನ್ನಡ ಕಲಿಸಿದ ಗಂಟಲು ಇದು, ಮೈಕು ಕೈಕೊಟ್ಟರೂ ಹಿಂದಿನ ಸಾಲಿನವರಿಗೆ ಕೇಳಿಸುತ್ತದೆ. ಬಳಗದ ಅಧ್ಯಕ್ಷೆಯ ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ.

ಇನ್ನು ಉಪ್ಪಿನಕಾಯಿಯ ಕೆಲಸ. ಇಪ್ಪತ್ತನಾಲ್ಕಕ್ಕೆ ಯಾದಗಿರಿಯಲ್ಲಿ ಮಹಿಳಾ ಮೇಳ. ನಮ್ಮ ಬಳಗಕ್ಕೆ ಒಂದು ಮೇಜು ಸಿಕ್ಕಿದೆ. ಅಧ್ಯಕ್ಷೆಯ ಲೆಕ್ಕದಲ್ಲಿ ನನ್ನದು ನಲವತ್ತು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ. ಇದಕ್ಕಾಗಿ ಕಳೆದ ತಿಂಗಳು ನಮ್ಮನ್ನೆಲ್ಲ ಯಾದಗಿರಿಗೆ ಕರೆದು ಎರಡು ದಿನ ತರಬೇತಿ ಕೊಟ್ಟರು. ಜಾಡಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟುವ ನಮ್ಮ ಪದ್ಧತಿ ಮೇಳಕ್ಕೆ ನಡೆಯದಂತೆ. ಗಾಜಿನ ಬಾಟಲಿ, ತಗಡಿನ ಮುಚ್ಚಳ ಆಗಬೇಕಂತೆ. ಬಾಟಲಿಯ ಬಾಯಿಂದ ಅರ್ಧ ಇಂಚು ಖಾಲಿ ಬಿಟ್ಟು ತುಂಬಿ, ಅಂಚು ಒರೆಸಿ, ಮುಚ್ಚಳ ಹಾಕಿ ಕುದಿಯುವ ನೀರಿನಲ್ಲಿ ಕೂರಿಸಬೇಕು. ಆರಿದ ಮೇಲೆ ಮುಚ್ಚಳದ ನಡು ಒಳಕ್ಕೆ ಕುಸಿದಿರಬೇಕು. ಬೆರಳಿನಿಂದ ಒತ್ತಿದಾಗ ಟಕ್ ಎಂದು ಮೇಲೆದ್ದರೆ ಮುಚ್ಚಳ ಹತ್ತಿಲ್ಲ ಎಂದರ್ಥ, ಒಳಗೆ ಗಾಳಿಯಾಡಿ ಬೂಷ್ಟು ಬರುತ್ತದೆ.

ಇಷ್ಟನ್ನೂ ಹೇಳಿದ್ದು ಇಪ್ಪತ್ತಾರು ವರ್ಷದ ಹುಡುಗಿ. ಅವಳು ಎಷ್ಟು ಬೇಸಿಗೆ ಕಂಡಿದ್ದಾಳು? ಅರ್ಧ ಇಂಚು ಖಾಲಿ ಇರುವ ಬಾಟಲಿಯನ್ನು ಯಾದಗಿರಿಯ ಮಂದಿಯ ಮುಂದಿಟ್ಟರೆ ಶಹಾಪುರದವರ ಕೈ ಗಿಡ್ಡ ಎನ್ನುವುದಿಲ್ಲವೇ? ನಮ್ಮ ಓಣಿಯಲ್ಲಿ ಬೀಗರ ಮನೆಗೆ ಉಪ್ಪಿನಕಾಯಿ ಕಳಿಸಿದರೆ ಮುಚ್ಚಳ ತೆಗೆದವರ ಬೆರಳಿಗೆ ಎಣ್ಣೆ ಹತ್ತಬೇಕು. ಹತ್ತದಿದ್ದರೆ ಆ ಮನೆಯ ಮಾತು ಮೂರು ಓಣಿ ದಾಟಿ ಹೋಗುತ್ತದೆ. ಆದ್ದರಿಂದ ಕಂಠಪೂರ್ತಿ ತುಂಬುವುದೆಂದು ತೀರ್ಮಾನಿಸಿದ್ದೇನೆ.

ಮಗಳು ದೇವಿಕಾ ಯಾದಗಿರಿಯ ಗಂಡನ ಮನೆಯಿಂದ ಹತ್ತು ದಿನಕ್ಕೆ ಬಂದಿದ್ದಾಳೆ. ಸೊಸೆ ಶಿವರಂಜನಿಯ ಶಾಲೆಗೂ ರಜೆ, ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಸುರಪುರದ ಹತ್ತಿರ ರಂಗಂಪೇಟೆಯ ಹುಡುಗಿ. ಮಾತು ಕಡಿಮೆ. ಆಡಿದರೆ ಸರಿಯಾಗಿಯೇ ಇರುತ್ತದೆ, ಅದೇ ತೊಂದರೆ.

೪ ಮೇ, ಭಾನುವಾರ

ಬೆಳಗ್ಗೆ ಏಳಕ್ಕೇ ಅಡುಗೆಮನೆ ಕುಲುಮೆಯಾಗಿತ್ತು. ದೇವಾಪುರದ ತೋಟದಿಂದ ತರಿಸಿದ ಕಾಯಿ. ಶುಕ್ರವಾರವೇ ಹೋಳು ಮಾಡಿ ಉಪ್ಪು ಅರಿಶಿನ ಹಾಕಿಟ್ಟಿದ್ದೆ. ಇವತ್ತು ಖಾರಪುಡಿ, ಸಾಸಿವೆ, ಮೆಂತ್ಯ, ಕಾಯಿಸಿದ ಶೇಂಗಾ ಎಣ್ಣೆ. ತುಂಬುವವಳು ನಾನು, ಅಂಚು ಒರೆಸುವವಳು ದೇವಿಕಾ, ಕುದಿಸುವವಳು ಶಿವರಂಜನಿ. ನಾನು ತುಂಬಿದ ಮೇಲೆ ಎಣ್ಣೆ ಬಾಟಲಿಯ ಹೊರಗೇ ಇಳಿಯುತ್ತಿತ್ತು, ಒರೆಸಿ ಒರೆಸಿ ದೇವಿಕಾ ಸೋತಳು. ಸಮೃದ್ಧಿ ಎಂದರೆ ಹಾಗಿರಬೇಕು.

ಶಿವರಂಜನಿ ತರಬೇತಿಯಲ್ಲಿ ಕೊಟ್ಟ ಹಾಳೆ ಹಿಡಿದು ಬಂದಳು. "ಅತ್ತೀ, ಅರ್ಧ ಇಂಚು ಬಿಡಬೇಕಂತ ಬರದಾರ ನೋಡ್ರಿ."

"ಬರದವರು ಯಾವಾಗರ ಉಪ್ಪಿನಕಾಯಿ ಹಾಕ್ಯಾರೇನ?"

"ಹಾಕೇ ಬರದಿರ್ತಾರ್ರಿ. ಕಾದಾಗ ಒಳಗಿಂದು ಉಬ್ಬತದ. ಎಣ್ಣಿ ಮ್ಯಾಲ ಬಂದು ಮುಚ್ಚಳದ ಒಳಗಿನ ರಬ್ಬರಿಗೆ ಹತ್ತಿತಂದ್ರ ಅದು ಹಿಡಿಯಂಗಿಲ್ರಿ."

"ನಿಮ್ಮ ರಂಗಂಪೇಟ್ಯಾಗ ಹಿಡಿಯಂಗಿಲ್ಲೇನೋ. ಇದು ಶಹಾಪುರ."

ಅವಳು ಹಾಳೆ ಮಡಚಿ ಕಿಟಕಿಯಲ್ಲಿಟ್ಟಳು.

ಹನ್ನೊಂದಕ್ಕೆ ಗೊಲ್ಲಾಳಮ್ಮನ ಫೋನು. ಬಳಗದ ಕಾರ್ಯದರ್ಶಿ, ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟವಳು. ಮೇಳದ ಮೇಜಿಗೆ ಕೆಂಪು ಬಟ್ಟೆಯೋ ಹಸಿರು ಬಟ್ಟೆಯೋ ಎಂದು ಮುಕ್ಕಾಲು ತಾಸು ಚರ್ಚೆಯಾಯಿತು. ತೀರ್ಮಾನವಾಗಲಿಲ್ಲ. ಒಳಗೆ ಬಂದು ನೋಡಿದರೆ ಅತ್ತಿಗೆ ನಾದಿನಿ ಇಬ್ಬರೂ ಸೇರಿ ಒಂದಿಷ್ಟು ಬಾಟಲಿ ತಾವೇ ತುಂಬಿ ಕುದಿಯಲು ಇಟ್ಟಿದ್ದರು. ಉಳಿದದ್ದನ್ನು ನಾನು ಮುಗಿಸಿದೆ. ಮಧ್ಯಾಹ್ನ ದೇವಿಕಾ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಬಿಸಿಲು ನಲವತ್ತಮೂರಕ್ಕೆ ಹೋಗಿದೆ, ಪಾಪ.

೫ ಮೇ, ಸೋಮವಾರ

ಪೂಜೆ ಮುಗಿಸಿ ಮೊದಲ ಬಾಟಲಿಯ ಮುಚ್ಚಳ ಒತ್ತಿದೆ. ಟಕ್. ಎರಡನೆಯದು, ಟಕ್. ಮೂರನೆಯದನ್ನು ಕಣ್ಣು ಮುಚ್ಚಿ ಒತ್ತಿದೆ. ಅದೂ ಟಕ್.

ಇವರು ತಮ್ಮ ಬಟ್ಟೆ ಅಂಗಡಿಗೆ ಹೊರಟವರು ಚಹಾದ ಕಪ್ಪು ಹಿಡಿದು ಬಂದು ತಾವೂ ಒತ್ತತೊಡಗಿದರು. "ಛಲೋ ಬಾರಸ್ತಾವ ನೋಡು," ಎಂದು ಮಗ ಶರಣಕುಮಾರನನ್ನೂ ಕರೆದರು. ಅವನು ಯಾದಗಿರಿಯ ಬಸ್ಸು ತಪ್ಪುತ್ತದೆಂದು ಎರಡೇ ಬಾಟಲಿ ಒತ್ತಿ ಹೋದ. ಮನೆಯ ಮರ್ಯಾದೆ ಹೋಗುತ್ತಿರುವಾಗ ಈ ಗಂಡಸರಿಗೆ ಆಟ.

ನಲವತ್ತರಲ್ಲಿ ಮೂವತ್ತೊಂದು ಹತ್ತಿಲ್ಲ. ಒಂಬತ್ತು ಮಾತ್ರ ಬಿಗಿಯಾಗಿವೆ. ಆ ಒಂಬತ್ತು ಖಂಡಿತ ನಾನು ಮೊದಲು ತುಂಬಿದವು, ಕೈ ದಣಿಯುವ ಮುಂಚಿನವು.

"ಇವತ್ತ ತೆಗದು ಜರಾ ಕಡಿಮಿ ಮಾಡಿ, ಬಾಯಿ ಒರಸಿ, ಹೊಸ ಮುಚ್ಚಳ ಹಾಕಿ ಮತ್ತ ಕುದಿಸಿದ್ರ ಹತ್ತತಾವ್ರಿ," ಎಂದಳು ಶಿವರಂಜನಿ. "ಆದ್ರ ಇಪ್ಪತ್ನಾಕ ತಾಸಿನ ಒಳಗ ಮಾಡಬೇಕಂತ. ನಿನ್ನಿ ಮಧ್ಯಾಹ್ನಕ್ಕ ತುಂಬೀವಿ."

"ಮೊದಲ ತಪ್ಪು ಯಾರದಂತ ತಿಳೀಲಿ," ಎಂದೆ.

ತಪ್ಪಿತಸ್ಥರು ಸಿಗದೆ ದುರಸ್ತಿಗೆ ಇಳಿಯುವುದು ನನ್ನ ಜಾಯಮಾನವಲ್ಲ. ತರಗತಿಯಲ್ಲೂ ಹಾಗೇ ಮಾಡುತ್ತಿದ್ದೆ. ಕಿಟಕಿಯ ಗಾಜು ಒಡೆದರೆ ಮೊದಲು ಒಡೆದವರನ್ನು ಹುಡುಕುತ್ತಿದ್ದೆ, ಗಾಜು ಹಾಕಿಸುವುದು ಮುಂದಿನ ವರ್ಷ.

೬ ಮೇ, ಮಂಗಳವಾರ

ಬಾಟಲಿ ಕೊಟ್ಟ ಹಸನಸಾಬನ ಅಂಗಡಿಗೆ ಹೋಗಿ ಜಗಳ ತೆಗೆದೆ. ನನ್ನ ಕೈಯಲ್ಲಿ ಐದನೆಯ ತರಗತಿ ಓದಿದವನು, ಈಗ ತಲೆ ನರೆತಿದೆ. ಅವನು ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರು ತರಿಸಿ, ಅದೇ ಬಾಟಲಿಗೆ ಹಾಕಿ ಮುಚ್ಚಳ ಬಿಗಿದ. ಕೂಡ್ರಿ ಎಂದು ಸ್ಟೂಲು ಕೊಟ್ಟ. ಎರಡು ಚಹಾ ಮುಗಿಯುವಷ್ಟರಲ್ಲಿ ಮುಚ್ಚಳದ ನಡು ತಾನಾಗಿ ಒಳಕ್ಕೆ ಹೋಯಿತು.

"ನೋಡ್ರಿ ಅಕ್ಕೋರ, ಬರೋಬ್ಬರಿ ಹತ್ತ್ಯಾದ. ನೀವು ಎಷ್ಟ ತುಂಬಿದ್ರಿ?"

"ತುಂಬೋದಂದ್ರ ಪೂರಾ ತುಂಬೋದು."

"ಪೂರಾ ತುಂಬಿದ್ರ ಅಕ್ಕೋರ, ಅದು..."

ಬಾಟಲಿ ಮಾರುವವನಿಂದ ಉಪ್ಪಿನಕಾಯಿಯ ಪಾಠ ಕೇಳಲು ನನಗೆ ಪುರಸೊತ್ತಿರಲಿಲ್ಲ. ಎದ್ದು ಬಂದೆ.

ಮಧ್ಯಾಹ್ನ ಗೊಲ್ಲಾಳಮ್ಮ ಬಂದಳು. ಬಾಟಲಿಗಳ ಮುಂದೆ ಸಾವಿನ ಮನೆಗೆ ಬಂದವರ ಹಾಗೆ ನಿಂತಳು. ಆಮೇಲೆ ದನಿ ತಗ್ಗಿಸಿದಳು. "ಅಕ್ಕೋರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ತುಂಬೋ ದಿನ ಮನ್ಯಾಗ ಯಾರರ ಹೊರಗಾಗಿದ್ರೇನು?"

"ನಮ್ಮಲ್ಲಿ ಅದೆಲ್ಲಾ ಇಲ್ಲ ಗೊಲ್ಲಾಳಮ್ಮ. ಮೊನ್ನಿ ಭಾಷಣ ಕೇಳಿಲ್ಲೇನು?"

"ಕೇಳೀನ್ರಿ, ಚಪ್ಪಾಳಿನೂ ಹೊಡದೀನಿ. ಭಾಷಣ ಬ್ಯಾರೆ ಅಕ್ಕೋರ, ಉಪ್ಪಿನಕಾಯಿ ಬ್ಯಾರೆ. ಹೊರಗಾದವರು ಮುಟ್ಟಿದ್ರ ಅದು ನಿಲ್ಲಂಗಿಲ್ಲ."

ಯೋಚಿಸಿ ನೋಡಿದರೆ ಅದರಲ್ಲೂ ಅರ್ಥವಿದೆ. ಶರಣರು ಸೂತಕ ತಳ್ಳಿಹಾಕಿದರು, ನಿಜ. ಆದರೆ ಉಪ್ಪಿನಕಾಯಿಯ ಬಗ್ಗೆ ಅವರು ಪ್ರತ್ಯೇಕವಾಗಿ ಏನಾದರೂ ಹೇಳಿದ್ದು ನನ್ನ ಓದಿನಲ್ಲಿ ಬಂದಿಲ್ಲ. ಹೇಳದ ಮೇಲೆ ಅದು ನಮ್ಮ ವಿವೇಕಕ್ಕೆ ಬಿಟ್ಟದ್ದು. ಶನಿವಾರ ಸಂಜೆ ಶಿವರಂಜನಿ ಔಷಧಿ ಅಂಗಡಿಯಿಂದ ಕರಿ ಚೀಲದಲ್ಲಿ ಏನನ್ನೋ ತಂದದ್ದನ್ನು ನಾನೇ ಕಂಡಿದ್ದೆ. ಔಷಧಿ ಅಂಗಡಿಯವರು ಕರಿ ಚೀಲದಲ್ಲಿ ಸುತ್ತಿ ಕೊಡುವ ವಸ್ತು ಒಂದೇ. ಎಲ್ಲವೂ ಹೊಂದಿಕೆಯಾಯಿತು. ಗೊಲ್ಲಾಳಮ್ಮನಿಗೆ ಹೇಳಿದೆ. ಯಾರ ಮುಂದೂ ಹೇಳಬೇಡ ಎಂದೂ ಹೇಳಿದೆ.

ಕಾರಣ ಸಿಕ್ಕ ಮೇಲೆ ಮನಸ್ಸು ಹಗುರಾಗಿದೆ.

೭ ಮೇ, ಬುಧವಾರ

ಗೊಲ್ಲಾಳಮ್ಮ ಯಾರ ಮುಂದೂ ಹೇಳಿಲ್ಲ, ಎಲ್ಲರ ಮುಂದೆ ಹೇಳಿದ್ದಾಳೆ.

ಶಿವರಂಜನಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಅಲ್ಲಿ ಬಳಗದ ಇಬ್ಬರು ತಮ್ಮ ಹಿಟ್ಟಿನ ಡಬ್ಬಿ ಅವಳ ಪಕ್ಕದಿಂದ ಎತ್ತಿ ಆಚೆ ಇಟ್ಟುಕೊಂಡರಂತೆ. ಒಬ್ಬಾಕೆ ನಕ್ಕು, "ಅಕ್ಕೋರ ಮೂವತ್ತೊಂದು ಬಾಟ್ಲಿ ಹಾಳ ಮಾಡೀದಿ, ನಮ್ಮ ಹಿಟ್ಟರ ಉಳೀಲಿ," ಎಂದಳಂತೆ. ಶಿವರಂಜನಿ ಮನೆಗೆ ಬಂದು ಹಿಟ್ಟಿನ ಡಬ್ಬಿಯನ್ನು ಕೆಳಗಿಟ್ಟು ನನ್ನೆದುರು ನಿಂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಅತ್ತೀ, ನನ್ನ ಒಂದ ಮಾತ ಕೇಳಬೇಕಿತ್ತು."

"ಕೇಳೋದೇನದ? ಕರಿ ಚೀಲ ನಾ ನೋಡೀನಿ."

"ಚೀಲ ನೋಡೀರಿ. ಹಾಳಿ ನೋಡಲಿಲ್ಲ."

"ಹಂಗಾರ ನೀ ಹೊರಗಾಗಿದ್ದಿಲ್ಲೇನು? ಇಲ್ಲಂತ ಹೇಳಿಬಿಡು, ಮುಗೀತು."

"ಹೇಳಂಗಿಲ್ರಿ. ಆಗಿದ್ರೂ ಹೇಳಂಗಿಲ್ಲ, ಆಗಿರದಿದ್ರೂ ಹೇಳಂಗಿಲ್ಲ. ಇಲ್ಲಂತ ಹೇಳಿ ನಾ ಪಾರಾದ್ರ, ಆಗಿದ್ದವರದು ತಪ್ಪಂತ ಒಪ್ಪಿದಂಗ ಆಗತದ. ಬಳಗದವರಿಗೆ ಗೊತ್ತಾಗೂವಂಗ ನನ್ನ ಹೆಸರು ಹೇಳೀರಿ. ಅದೇ ಬಳಗದ ಮುಂದ ಆ ಮಾತು ಹಿಂದಕ ತಗೋರಿ. ಅಲ್ಲೀತನಾ ನಾ ರಂಗಂಪೇಟ್ಯಾಗ ಇರ್ತೀನಿ."

ಎರಡು ಗಂಟೆಯ ಬಸ್ಸಿಗೆ ಹೋದಳು. ಹೋಗುವಾಗ ನನ್ನ ಬಿ.ಪಿ. ಮಾತ್ರೆ ಎಲ್ಲಿದೆ ಎಂದು ತೋರಿಸಿ ಹೋದಳು. ಇಂಥವಳ ಜೊತೆ ಜಗಳ ಆಡುವುದೂ ಕಷ್ಟ.

ಬಳಗದ ಮುಂದೆ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಂತೆ! ಅಧ್ಯಕ್ಷೆ!

೮ ಮೇ, ಗುರುವಾರ

ಹಾಳೆಯನ್ನು ಇವತ್ತು ಓದಿದೆ. ಇಪ್ಪತ್ತನಾಲ್ಕು ತಾಸಿನ ಮಾತು ಖರೆ. ಈಗ ತೊಂಬತ್ತಾರು ತಾಸು ಕಳೆದಿದೆ. ಸಮಯ ಮೀರಿದ್ದರೆ ಫ್ರಿಜ್ಜಿನಲ್ಲಿಡಿ, ಬೇಗ ತಿಂದು ಮುಗಿಸಿ ಎಂದು ಕೆಳಗಿದೆ. ಮೂವತ್ತೊಂದು ಬಾಟಲಿ ಫ್ರಿಜ್ಜಿನಲ್ಲಿ ತುಂಬಿದೆ. ಹಾಲು ಹೊರಗೆ ಬಂತು.

೯ ಮೇ, ಶುಕ್ರವಾರ

ಹಾಲು ಒಡೆಯಿತು. ಕರೆಂಟೂ ಇಲ್ಲ. ರೊಟ್ಟಿ ನಾನೇ ಬಡಿದೆ. ಶರಣಕುಮಾರ ಅರ್ಧ ರೊಟ್ಟಿಗೆ ಎದ್ದುಹೋದ.

೧೦ ಮೇ, ಶನಿವಾರ

ದೇವಿಕಾ ನಾಳೆ ಹೋಗುವವಳು ಚೀಲ ತುಂಬುತ್ತ ತುಂಬುತ್ತ ನಿಲ್ಲಿಸಿದಳು.

"ಯವ್ವಾ, ಹೊರಗಾಗಿದ್ದು ನಾನು."

"ಯಾವಾಗ?"

"ಶನಿವಾರ. ಭಾನುವಾರ ಎಲ್ಡನೇ ದಿನ. ಕರಿ ಚೀಲ ನನ್ನ ಸಲುವಾಗಿನೇ ತಂದಿದ್ಳು ವೈನಿ. ನೀ ಬೈತೀದಿ ಅಂತ ನಾ ಹೇಳಲಿಲ್ಲ. ಅಕಿನೂ ನನ್ನ ಹೆಸರು ಹೇಳಲಿಲ್ಲ. ಮೂರು ದಿನದಿಂದ ಒಳಗ ಕುದಿಯಾಕತ್ತದ ನನಗ."

ವಿಷಯವನ್ನು ವೈಜ್ಞಾನಿಕವಾಗಿ ಪರಿಶೀಲಿಸಿದೆ. ದೇಹದಲ್ಲಿ ಸಹಜವಾಗಿ ಆಗುವ ಕ್ರಿಯೆಗೂ ತಗಡಿನ ಮುಚ್ಚಳಕ್ಕೂ ಏನು ಸಂಬಂಧ? ಎಂಟುನೂರು ವರ್ಷದ ಹಿಂದೆಯೇ ಶರಣರು ಕಿತ್ತೊಗೆದದ್ದನ್ನು ಇಂದಿನ ವಿದ್ಯಾವಂತ ಹೆಣ್ಣುಮಕ್ಕಳ ಮೇಲೆ ಹೊರಿಸುವುದು ಎಂಥ ಅವಿವೇಕ! ಮೊದಲಿನಿಂದಲೂ ನನಗೆ ಈ ಬಗ್ಗೆ ಅನುಮಾನವಿತ್ತು. ಗೊಲ್ಲಾಳಮ್ಮನಂಥವರಿಂದಲೇ ಸಮಾಜ ಹಿಂದುಳಿದದ್ದು.

ದೇವಿಕಾಳ ತಲೆ ಸವರಿ ಸಮಾಧಾನ ಹೇಳಿದೆ. ಗೊಲ್ಲಾಳಮ್ಮನಿಗೆ ಮಾತ್ರ ತಿಳಿಯಬಾರದು ಎಂದೆ.

ಮೇಲಿನ ಸಾಲುಗಳನ್ನು ಈಗ ಮತ್ತೊಮ್ಮೆ ಓದಿದೆ. ಮಂಗಳವಾರ ಇದೇ ಪೆನ್ನಿನಿಂದ ಬರೆದದ್ದನ್ನೂ ಓದಿದೆ. ಇವತ್ತಿಗೆ ಬರವಣಿಗೆ ಸಾಕು.

೧೧ ಮೇ, ಭಾನುವಾರ

ದೇವಿಕಾ ಬಸ್ಸು ಹತ್ತುವ ಮೊದಲು ಇನ್ನೊಂದು ಮಾತು ಹೇಳಿ ಹೋದಳು. ನಾನು ಫೋನಿನಲ್ಲಿದ್ದಾಗ ಅವರಿಬ್ಬರು ತುಂಬಿದ್ದು ಒಂಬತ್ತು ಬಾಟಲಿ.

ಮನೆಗೆ ಬಂದು ಬಿಗಿಯಾದ ಒಂಬತ್ತನ್ನು ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟೆ. ಒಂಬತ್ತರಲ್ಲೂ ಮೇಲೆ ಅರ್ಧ ಇಂಚು ಖಾಲಿ ಇದೆ. ಪಟ್ಟಿ ಹಿಡಿದು ಅಳೆದೆ. ಉಳಿದ ಮೂವತ್ತೊಂದನ್ನು ಫ್ರಿಜ್ಜಿನಿಂದ ತೆಗೆದು ನೋಡಿದೆ. ಒಂದರ ಅಂಚೂ ಒಣಗಿಲ್ಲ, ಎಲ್ಲ ಎಣ್ಣೆ ಜಿಡ್ಡು.

ಇವರು ಬಾಗಿಲಲ್ಲಿ ನಿಂತು ನೋಡಿದರು. "ಏನಾತು?"

"ಏನಿಲ್ಲ."

"ತಪ್ಪು ಯಾರದಂತ ತಿಳೀತಲ್ಲ ಮತ್ತ," ಎಂದು ಅಂಗಡಿಗೆ ಹೋದರು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಇವರು ಸರಿಯಾದ ಸಮಯಕ್ಕೆ ಬಾಯಿ ಬಿಟ್ಟದ್ದು ಇದೇ ಮೊದಲು, ಅದೂ ನನ್ನ ವಿರುದ್ಧ.

೧೨ ಮೇ, ಸೋಮವಾರ

ಇವತ್ತು ಬಳಗದ ವಾರದ ಸಭೆ. ಹೇಳಿಬಿಡುವುದೆಂದು ಬೆಳಗ್ಗೆಯೇ ಗಟ್ಟಿ ಮಾಡಿದ್ದೆ. ಹೇಳಬೇಕಾದದ್ದನ್ನು ಬರೆದುಕೊಂಡೆ. ಮೊದಲು ಬರೆದದ್ದು: "ನನ್ನ ಸೊಸೆಯ ತಪ್ಪಿಲ್ಲ, ನಾನು ಹೆಚ್ಚು ತುಂಬಿದೆ." ಇದು ತೀರ ಬೋಳಾಗಿ ಕಂಡಿತು. ತಿದ್ದಿದೆ: "ಬಾಟಲಿಗಳಲ್ಲಿ ಅವಕಾಶದ ಕೊರತೆಯಿಂದ ಮುಚ್ಚಳಗಳು ಹತ್ತಲಿಲ್ಲ." ಮತ್ತೆ ತಿದ್ದಿದೆ: "ಕೆಲವು ತಾಂತ್ರಿಕ ಕಾರಣಗಳಿಂದ ನಿರೀಕ್ಷಿತ ಫಲ ದೊರೆಯಲಿಲ್ಲ." ಮೂರನೆಯದು ಸೊಗಸಾಗಿತ್ತು. ಅದರಲ್ಲಿ ಸೊಸೆಯೂ ಇರಲಿಲ್ಲ, ನಾನೂ ಇರಲಿಲ್ಲ.

ಸಭೆಯಲ್ಲಿ ಸೂತಕದ ಮೇಲೆ ಮತ್ತೆ ನಲವತ್ತು ನಿಮಿಷ ಮಾತಾಡಿದೆ. ಜಯಂತಿಯದಕ್ಕಿಂತ ಚೆನ್ನಾಗಿ ಬಂತು. ಕೊನೆಗೆ ತಾಂತ್ರಿಕ ಕಾರಣವನ್ನೂ ಸೇರಿಸಿದೆ. ಗೊಲ್ಲಾಳಮ್ಮ ಎದ್ದು, "ಹಂಗಾರ ನಿಮ್ಮ ಸೊಸೀದು?" ಎಂದಳು.

"ಅದು ಮನಿ ವಿಷಯ," ಎಂದೆ.

ಚಪ್ಪಾಳೆ ಜೋರಾಗಿಯೇ ಬಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಅದು ಕಿವಿಯಲ್ಲಿತ್ತು, ಆದರೆ ಸಂತೋಷವಾಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

೧೪ ಮೇ, ಬುಧವಾರ

ಸುರಪುರದ ಬಸ್ಸು ಹತ್ತಿ ರಂಗಂಪೇಟೆಗೆ ಹೋಗಿ ಬಂದೆ. ಬೀಗಿತ್ತಿ ಭೀಮಮ್ಮ ಏನೂ ಕೇಳದೆ ಚಹಾ ಕೊಟ್ಟು, ಅವಲಕ್ಕಿ ಚೂಡಾ ಕೊಟ್ಟು, ಹಿತ್ತಲಿಗೆ ಹೋದಳು. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

ಶಿವರಂಜನಿ ಎದುರು ಕೂತಳು. "ಹೇಳೀರೇನ್ರಿ?"

"ಹೇಳೀನಿ. ಸೂತಕ ಇಲ್ಲಂತ ನಲವತ್ತು ನಿಮಿಷ ಹೇಳೀನಿ."

"ಅದನ್ನ ನೀವು ಮೊದಲಿಂದ ಹೇಳ್ತೀರಲ್ರಿ. ನನ್ನ ಹೆಸರು ತೊಗೊಂಡು ಹೇಳೀರೇನು?"

ನಾನು ಚೂಡಾದಲ್ಲಿ ಶೇಂಗಾ ಹುಡುಕಿದೆ.

"ದೇವಿಕಾ ಎಲ್ಲಾ ಹೇಳ್ಯಾಳ," ಎಂದೆ. "ಒಂಬತ್ತೂ ಅಳದು ನೋಡೀನಿ. ನೀ ಹೇಳಿದ್ದೇ ಖರೆ. ಮನಿಗೆ ನಡಿ."

"ಇದನ್ನ ನನ್ನ ಮುಂದ ಹೇಳಿದ್ರ ಏನ ಬಂತ್ರಿ? ನನಗ ಗೊತ್ತಿದ್ದದ್ದೇ ಅದು. ಗೊತ್ತಿಲ್ಲದವರಿಗೆ ಹೇಳ್ರಿ."

ಮೂವತ್ತೆರಡು ವರ್ಷ ಮಕ್ಕಳಿಗೆ ಇದೇ ಮಾತು ಹೇಳಿದ್ದೇನೆ, ಗೊತ್ತಿದ್ದವನಿಗೆ ಪಿಸುಗುಟ್ಟಬೇಡ, ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳು ಎಂದು. ಒಬ್ಬಳೇ ಬಸ್ಸು ಹತ್ತಿದೆ. ಹತ್ತುವ ಮುಂಚೆ ಅವಳು ಬಾಟಲಿಗಳ ಬಗ್ಗೆ ಕೇಳಿದಳು. "ಇಟಗೊಂಡು ಕುಂದರಬ್ಯಾಡ್ರಿ. ಒಂದೊಂದು ತಗದು ನೋಡ್ರಿ, ವಾಸನಿ ಬಂದದ್ದು, ಬೂಸಲ ಹಿಡದದ್ದು ಚೆಲ್ರಿ. ಛಲೋ ಇದ್ದದ್ದು ಇವತ್ತ ನಾಳಿ ಹಂಚಿಬಿಡ್ರಿ, ಬೇಗ ತಿಂದು ಮುಗಸ್ಲಿ."

೧೭ ಮೇ, ಶನಿವಾರ

ಮೂವತ್ತೊಂದರಲ್ಲಿ ಒಂದೂ ಕೆಟ್ಟಿರಲಿಲ್ಲ. ಒಂದನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಓಣಿಯಲ್ಲಿ ಹಂಚಲು ಹೊರಟೆ. ಕಹಿ ಮಾತ್ರೆ ಮೊದಲು ನುಂಗುವುದೆಂದು ಗೊಲ್ಲಾಳಮ್ಮನ ಮನೆಯಿಂದಲೇ ಶುರು ಮಾಡಿದೆ.

ಅವಳ ಪಡಸಾಲೆಯಲ್ಲಿ ಇಪ್ಪತ್ತೆಂಟು ಬಾಟಲಿ ನಿಂತಿದ್ದವು. ಕಂಠಪೂರ್ತಿ ತುಂಬಿ, ಎಣ್ಣೆ ಹೊರಗೆ ಇಳಿದು. ನಾನು ಕೇಳದೆಯೇ ಒಂದನ್ನು ಒತ್ತಿದೆ. ಟಕ್.

"ನಿನ್ನಿ ತುಂಬೀನ್ರಿ ಅಕ್ಕೋರ," ಎಂದಳು. "ಒಂದೂ ಹತ್ತಿಲ್ಲ. ನಿಮ್ಮ ಮನ್ಯಾಗ ಆದದ್ದೇ ನಮ್ಮ ಮನ್ಯಾಗೂ ಆಗ್ಯಾದ. ಸರೋಜಾ ನಿನ್ನಿನೇ ಹೊರಗಾಗ್ಯಾಳ. ಹೇಳದ ಚಮಚಾ ಮುಟ್ಟ್ಯಾಳ."

ಸರೋಜಾ ಅವಳ ಸೊಸೆ, ಮದುವೆಯಾಗಿ ಎಂಟು ತಿಂಗಳು. ಹಿತ್ತಲ ಬಾಗಿಲಿನಾಚೆ, ತಗಡಿನ ನೆರಳಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ತಂಬಿಗೆ. ಆ ತಗಡಿನ ಕೆಳಗೆ ಈ ಬಿಸಿಲಲ್ಲಿ ಎಮ್ಮೆಯೂ ನಿಲ್ಲುವುದಿಲ್ಲ.

"ಮೊದಲು ನಾವು ಇಷ್ಟ ಪಾಲಸ್ತಿದ್ದಿಲ್ರಿ," ಎಂದಳು ಗೊಲ್ಲಾಳಮ್ಮ. "ನೀವ ಹೇಳಿದ ಮ್ಯಾಲ ನನಗ ಖಾತ್ರಿ ಆತು. ಅಕ್ಕೋರಂಥಾ ಓದಿದವರೇ ಹೇಳ್ತಾರಂದ್ರ ಅದರಾಗ ಏನೋ ಇರಬೇಕಲ್ರಿ."

ಕೂತುಕೊಂಡು ಎಲ್ಲ ಹೇಳಿದೆ. ಅರ್ಧ ಇಂಚು, ಎಣ್ಣೆ, ರಬ್ಬರು, ಒಂಬತ್ತು ಬಾಟಲಿ. ದೇವಿಕಾಳ ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತಿತು. ಗೊಲ್ಲಾಳಮ್ಮ ನನ್ನ ಕೈ ಹಿಡಿದು ಮರುಗಿದಳು. "ಸೊಸಿ ಮನಿ ಬಿಟ್ಟು ಹೋಗ್ಯಾಳಂತ ಅಕಿ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಎಂಥಾ ದೊಡ್ಡ ಮನಸು ಅಕ್ಕೋರ ನಿಮ್ಮದು!"

ಸುಳ್ಳು ಹೇಳಿದಾಗ ಒಂದೇ ಮಧ್ಯಾಹ್ನದಲ್ಲಿ ಊರೆಲ್ಲ ನಂಬಿತು. ನಿಜ ಹೇಳಿದರೆ ನನ್ನನ್ನು ಪುಣ್ಯವಂತೆ ಮಾಡುತ್ತಾಳೆ. ಬಾಟಲಿ ಅಲ್ಲೇ ಇಟ್ಟು ಹೊರಬಂದೆ. ಹಿತ್ತಲಿನ ಕಡೆ ಇನ್ನೊಮ್ಮೆ ನೋಡುವ ಧೈರ್ಯವಾಗಲಿಲ್ಲ.

೧೮ ಮೇ, ಭಾನುವಾರ

ದೇವಿಕಾಗೆ ಫೋನು ಮಾಡಿದೆ. ಬಳಗದ ಮುಂದೆ ಅವಳ ಹೆಸರು ಹೇಳಬೇಕಾಗುತ್ತದೆ, ಹೇಳಲೇ ಎಂದೆ. "ಹೇಳು ಯವ್ವಾ," ಎಂದಳು. "ಅತ್ತಿಮನಿಯವರಿಗೆ ನಾನೇ ಹೇಳ್ಕೋತೀನಿ."

೧೯ ಮೇ, ಸೋಮವಾರ

ಭಾಷಣ ಬರೆದುಕೊಂಡು ಹೋಗಲಿಲ್ಲ. ಎರಡು ಬಾಟಲಿ ಒಯ್ದೆ.

ಇಪ್ಪತ್ತೇಳು ಮಂದಿ ಬಂದಿದ್ದರು. ಸರೋಜಾ ಹೊರಗೆ, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂತಿದ್ದಳು. ಈ ಹಿಂದೆಯೂ ಯಾರಾದರೊಬ್ಬರು ಅಲ್ಲಿ ಕೂತಿರುತ್ತಿದ್ದರು. ಒಳಗೆ ಸೆಕೆ ಎಂದು ಕೂತಿದ್ದಾರೆ ಅಂದುಕೊಂಡು ನಾನು ಸೂತಕದ ಮೇಲೆ ಮಾತಾಡುತ್ತ ಹೋಗುತ್ತಿದ್ದೆ.

ಒಂದು ಬಾಟಲಿ ಎತ್ತಿ ಹಿಡಿದೆ. "ಇದು ನಾ ತುಂಬಿದ್ದು." ಒತ್ತಿದೆ. ಟಕ್ ಎಂದದ್ದು ಹಿಂದಿನ ಸಾಲಿಗೂ ಕೇಳಿಸಿತು. ಇನ್ನೊಂದನ್ನು ಎತ್ತಿದೆ. "ಇದು ನನ್ನ ಸೊಸಿ ಶಿವರಂಜನಿ ತುಂಬಿದ್ದು. ಇದರ ಬಾಯಿ ಒರಸಿದಾಕಿ ನನ್ನ ಮಗಳು ದೇವಿಕಾ. ಆವತ್ತ ಹೊರಗಾಗಿದ್ದಾಕಿ ದೇವಿಕಾ. ಅವರಿಬ್ಬರೇ ಸೇರಿ ಮಾಡಿದ ಒಂಬತ್ತೇ ಹತ್ತ್ಯಾವ. ನನ್ನವು ಹತ್ತಿಲ್ಲ, ಯಾಕಂದ್ರ ನಾ ಕಂಠಮಟ ತುಂಬೀನಿ. ನನಗ ಹೊರಗಾಗೋದು ನಿಂತು ಎಂಟು ವರ್ಷ ಆತು. ಶಿವರಂಜನಿ ಹೆಸರು ನಾ ವಿನಾಕಾರಣ ಹೇಳೀನಿ. ಗಲತಿ ನಂದು."

ಒತ್ತಿ ನೋಡಲೆಂದು ಎರಡೂ ಬಾಟಲಿ ಕೈಯಿಂದ ಕೈಗೆ ಕೊಟ್ಟೆ. ಒಂದು ಚಪ್ಪಾಳೆಯೂ ಬೀಳಲಿಲ್ಲ. ಯಾರೋ ಒಬ್ಬರು, "ಹಂಗಾರ ಮೇಳಕ್ಕ ಬರೇ ಒಂಬತ್ತೇನ್ರಿ?" ಎಂದರು. ಗೊಲ್ಲಾಳಮ್ಮ ನನ್ನ ಮುಖ ನೋಡದೆ, ಮುಂದಿನ ವಿಷಯ ಮೇಜಿನ ಬಟ್ಟೆ ಎಂದು ಓದಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಕ್ಕದ ಬಾಗಿಲಿನಿಂದ ಇಳಿದು ಮನೆಗೆ ಬಂದೆ.

ಒಂದು ನಿಮಿಷವೂ ಇರಲಿಲ್ಲ. ಇಷ್ಟು ಚಿಕ್ಕ ಭಾಷಣ ನಾನು ಜೀವನದಲ್ಲಿ ಮಾಡಿಲ್ಲ, ಇಷ್ಟು ಕೆಟ್ಟದ್ದನ್ನೂ ಮಾಡಿಲ್ಲ. ಮುಂದಿನ ವರ್ಷ ಕುರ್ಚಿ ಗೊಲ್ಲಾಳಮ್ಮನದೇ. ನಾಚಿಕೆಯಿಂದ ಮೈ ಬೆವರಿದೆ, ಬರೆಯುವ ಹೊತ್ತಿಗೂ ಆರಿಲ್ಲ. ಯಾರ ಮೇಲೂ ಏನೂ ಪರಿಣಾಮ ಆದಂತೆ ಕಾಣಲಿಲ್ಲ.

ಇಷ್ಟು ಬರೆದಿದ್ದೆ, ಫೋನು ಬಂತು. ಶಿವರಂಜನಿ.

"ಅತ್ತೀ, ನಾಳಿ ಹತ್ತರ ಬಸ್ಸಿಗೆ ಬರ್ತೀನ್ರಿ."

"ಯಾರ ಹೇಳಿದ್ರು ನಿನಗ?"

"ಸರೋಜಾ ಫೋನ್ ಮಾಡಿದ್ಳ್ರಿ. ಸಭಾದಾಗಿಂದನ."

"ಏನಂದ್ಳು?"

"ನೀವು ನನ್ನ ಹೆಸರು ತೊಗೊಂಡು ಹೇಳಿದ್ದು ಹೇಳಿದ್ಳ್ರಿ. ನೀವು ಹೋದ ಮ್ಯಾಲ ಕಟ್ಟಿ ಬಿಟ್ಟು ಎದ್ದು ಬಂದಾಳಂತ. 'ವೈನಿ, ನಾ ಒಳಗ ಕುಂತೀನಿ,' ಅಂದ್ಳು. ಮತ್ತೇನೂ ಅನಲಿಲ್ರಿ."